ಗಾಡಿ ವಿಚಾರ: ಮೈಲೇಜ್ ಎಷ್ಟು ಕೊಡುತ್ತೆ?

ಸಣ್ಣ ಕಾರುಗಳ ಮೈಲೇಜ್ ಬಗ್ಗೆ ಪ್ರಶ್ನೆ ಕಳಿಸಿ ಅಂತ ಹೋದ ಸಂಚಿಕೆಯಲ್ಲಿ ಕೇಳಿದ್ದೆ. ಬಂದ ಪತ್ರಗಳನ್ನು ಗ್ಯಾರೇಜಿನ ಮೇಜಿನ ಮೇಲೆ ಹರಡಿಕೊಂಡು ಎರಡು ಸಂಜೆ ಕೂತು ಓದಿದೆ. ಹಾಸನದಲ್ಲಿ ಗ್ಯಾರೇಜ್ ಇಟ್ಟು 27 ವರ್ಷವಾಯಿತು. ದಿನಕ್ಕೊಬ್ಬರಾದರೂ ಬಾನೆಟ್ ಎತ್ತುವ ಮೊದಲು ಇದನ್ನೇ ಕೇಳುತ್ತಾರೆ. ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿರುವಾಗ ಕೇಳಲೇಬೇಕು. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ ಉತ್ತರಿಸಿದ್ದೇನೆ.

ಹೊಸ ಕಾರು ತಗೊಂಡು ಐದು ತಿಂಗಳಾಯಿತು. ಕಂಪನಿ ಹೇಳಿದ್ದು 24ಕ್ಕಿಂತ ಜಾಸ್ತಿ. ನನಗೆ ಬರುತ್ತಿರುವುದು 13. ಮನೆಯಿಂದ ಆಫೀಸಿಗೆ 14 ಕಿ.ಮೀ., ಹೋಗಲು ಒಂದು ಗಂಟೆ ಹತ್ತು ನಿಮಿಷ ಬೇಕು. ಕಾರಿನಲ್ಲಿ ದೋಷವಿದೆಯಾ?
*ಓದುಗರು, ಬೆಂಗಳೂರು*

ನೀವು ಬರೆದದ್ದರಲ್ಲಿ ದೋಷದ ಸುಳಿವು ನನಗೆ ಕಾಣಲಿಲ್ಲ. ಉತ್ತರ ನಿಮ್ಮ ಪತ್ರದಲ್ಲೇ ಇದೆ: ಒಂದು ಗಂಟೆ ಹತ್ತು ನಿಮಿಷ.

ಆ 24 ಎಲ್ಲಿಂದ ಬಂತು ಅಂತ ಮೊದಲು ನೋಡೋಣ. ಪುಣೆಯ ಎಆರ್‌ಎಐ ತರಹದ ಪರೀಕ್ಷಾ ಸಂಸ್ಥೆಯಲ್ಲಿ ಕಾರನ್ನು ರೋಲರ್ ಮೇಲೆ ನಿಲ್ಲಿಸಿ ಓಡಿಸುತ್ತಾರೆ. ಚಕ್ರ ತಿರುಗುತ್ತದೆ, ಕಾರು ನಿಂತಲ್ಲೇ ಇರುತ್ತದೆ. ಎಷ್ಟು ಸೆಕೆಂಡಿಗೆ ಎಷ್ಟು ವೇಗ, ಯಾವಾಗ ನಿಲ್ಲಬೇಕು ಎಂಬುದೆಲ್ಲ ಮೊದಲೇ ಗೊತ್ತುಪಡಿಸಿದ್ದು. ಇಡೀ ಓಟ ಸುಮಾರು 20 ನಿಮಿಷ, ಹತ್ತೂವರೆ ಕಿಲೋಮೀಟರ್ ಚಿಲ್ಲರೆ. ವೇಗ 90 ದಾಟುವುದಿಲ್ಲ. ಸರಾಸರಿ ಗಂಟೆಗೆ 32 ಕಿ.ಮೀ. ಆಸುಪಾಸು. ಎಸಿ ಹಾಕುವುದಿಲ್ಲ. ಅಲ್ಲಿ ಗುಂಡಿಯಿಲ್ಲ, ಹಂಪ್ ಇಲ್ಲ, ಎದುರಿಗೆ ಅಡ್ಡ ಬರುವ ಆಟೋ ಇಲ್ಲ. ಎಲ್ಲ ಕಂಪನಿಯ ಕಾರುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ಮಾಡಿದ ಪರೀಕ್ಷೆ ಅದು. ಈ ಕಾರಿಗಿಂತ ಆ ಕಾರು ಮೇಲೋ ಅಂತ ನೋಡಲು ಅದು ಬೇಕು. ನಿಮ್ಮ ಆಫೀಸಿನ ದಾರಿಗೆ ಅದನ್ನು ತಂದರೆ ಹೊಂದುವುದಿಲ್ಲ.

ಈಗ ನಿಮ್ಮ ಲೆಕ್ಕ. 14 ಕಿ.ಮೀ.ಗೆ 70 ನಿಮಿಷ ಅಂದರೆ ಗಂಟೆಗೆ 12 ಕಿ.ಮೀ. ಅದರಲ್ಲಿ ಅರ್ಧ ಹೊತ್ತು, ಅಂದರೆ 35 ನಿಮಿಷ, ಸಿಗ್ನಲ್‌ನಲ್ಲಿ ನಿಂತೇ ಇರುತ್ತೀರಿ ಅಂದುಕೊಳ್ಳಿ. ಎಸಿ ಹಾಕಿಕೊಂಡು ನಿಂತ ಸಣ್ಣ ಎಂಜಿನ್ ಗಂಟೆಗೆ ಸುಮಾರು 700 ಮಿಲಿ ಕುಡಿಯುತ್ತದೆ. 35 ನಿಮಿಷಕ್ಕೆ 400 ಮಿಲಿ. ನಿಮ್ಮ 13ರ ಲೆಕ್ಕದಲ್ಲಿ ಒಂದು ಸಲ ಆಫೀಸಿಗೆ ಹೋಗಲು ಸುರಿದದ್ದು 1,080 ಮಿಲಿ. ನಿಂತು ಸುಟ್ಟ 400 ಕಳೆಯಿರಿ. ಉಳಿದ 680 ಮಿಲಿಯಲ್ಲಿ ಕಾರು 14 ಕಿ.ಮೀ. ಓಡಿದೆ. ಓಡಿದಷ್ಟು ಹೊತ್ತಿನ ಮೈಲೇಜ್ 20ರ ಮೇಲೆ ಬಂತು, ಅಲ್ವಾ?

ಉದ್ದ ಸಿಗ್ನಲ್ ಅಂತ ಗೊತ್ತಿದ್ದರೆ ಎಂಜಿನ್ ಆಫ್ ಮಾಡಿ. ಅರ್ಧ ಗಂಟೆ ಮೊದಲೋ ತಡವಾಗಿಯೋ ಹೊರಡಲು ಆಗುತ್ತಾ ನೋಡಿ. ಬೆಂಗಳೂರಿನಲ್ಲಿರುವ ನನ್ನ ತಂಗಿ ಬೆಳಿಗ್ಗೆ ಹೊರಡುವ ಹೊತ್ತನ್ನು ಏಳೂಕಾಲಕ್ಕೆ ತಂದಳು. ಅದೇ ಕಾರು, ಅದೇ ದಾರಿ. ಲೀಟರಿಗೆ ಮೂರು ಕಿ.ಮೀ. ಜಾಸ್ತಿ ಬಂತು.

ನನ್ನ ಕಾರಿನ ಮೀಟರ್‌ನಲ್ಲಿ ಸರಾಸರಿ 21.8 ಅಂತ ತೋರಿಸುತ್ತದೆ. ನಾನು ಬರೆದಿಟ್ಟ ಲೆಕ್ಕದಲ್ಲಿ 19.6 ಬರುತ್ತದೆ. ಯಾವುದನ್ನು ನಂಬಲಿ?
*ಶಿಕ್ಷಕಿ, ಅರಸೀಕೆರೆ*

ನಿಮ್ಮದನ್ನೇ ನಂಬಿ. ಬರೆದಿಟ್ಟಿದ್ದೀರಲ್ಲ, ಓದಿ ಬಹಳ ಖುಷಿಯಾಯಿತು.

ಮೀಟರ್‌ನಲ್ಲಿ ಕಾಣುವ ಅಂಕಿ ಅಳತೆಯಲ್ಲ, ಅಂದಾಜು. ಎಂಜಿನ್‌ಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಅಂತ ನೋಡಿ ಕಂಪ್ಯೂಟರ್ ಲೆಕ್ಕ ಕಟ್ಟುತ್ತದೆ. ನನ್ನ ಕೈಗೆ ಬಂದ ಹೆಚ್ಚಿನ ಕಾರುಗಳಲ್ಲಿ ಅದು ನಿಜಕ್ಕಿಂತ ಒಂದೆರಡು ಕಿ.ಮೀ. ಮೇಲೆಯೇ ಹೇಳುತ್ತದೆ. ಈ ತಿಂಗಳಿಗೂ ಹೋದ ತಿಂಗಳಿಗೂ ಹೋಲಿಸಲು ಅದು ಸಾಕು. ದುಡ್ಡಿನ ಲೆಕ್ಕಕ್ಕೆ ಬೇಡ.

ಬರೆದಿಡುವ ಕ್ರಮ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ನನ್ನ 2015ರ ವ್ಯಾಗನ್ ಆರ್‌ನ ಗ್ಲೋವ್ ಬಾಕ್ಸಿನಲ್ಲಿ ಒಂದು 80 ಪುಟದ ನೋಟ್‌ಬುಕ್ ಇದೆ. ಅದಕ್ಕೊಂದು ದಾರ ಕಟ್ಟಿ ಪೆನ್ಸಿಲ್ ಸಿಕ್ಕಿಸಿದ್ದೇನೆ. ಪೆನ್ ಆದರೆ ಬಿಸಿಲಿಗೆ ಒಣಗುತ್ತದೆ. ಹೋದ ವರ್ಷದ ಒಂದು ಸಾಲು ಹೀಗಿದೆ: ಮಾರ್ಚ್ 3, ಓಡೋಮೀಟರ್ 1,37,842, ಟ್ಯಾಂಕ್ ಫುಲ್. ಅದರ ಕೆಳಗೆ: ಮಾರ್ಚ್ 17, 1,38,361, ಹಿಡಿದದ್ದು 27.4 ಲೀಟರ್. ನಡುವೆ ಓಡಿದ್ದು 519 ಕಿ.ಮೀ. 519ನ್ನು 27.4ರಿಂದ ಭಾಗಿಸಿದರೆ 18.9. ಪಕ್ಕದಲ್ಲಿ ಚಿಕ್ಕದಾಗಿ 'ಎರಡು ಮದುವೆ, ಬೇಲೂರು ಒಂದು ಸಲ' ಅಂತಲೂ ಬರೆದಿದ್ದೇನೆ. ಆ ಚಿಕ್ಕ ಅಕ್ಷರ ಬಹಳ ಉಪಯೋಗಕ್ಕೆ ಬರುತ್ತದೆ. ಅಂಕಿ ಏಕೆ ಇಳಿಯಿತು, ಏಕೆ ಏರಿತು ಅಂತ ಆಮೇಲೆ ನೆನಪಾಗುತ್ತದೆ.

ಪ್ರತಿ ಸಲ ನಾಝಲ್ ತಾನಾಗಿ ಟಕ್ ಅಂತ ನಿಂತ ಕೂಡಲೇ ಸಾಕು ಅನ್ನಿ. 'ರೌಂಡ್ ಫಿಗರ್ ಮಾಡ್ಲಾ ಸಾರ್' ಅಂದರೆ ಬೇಡ ಅನ್ನಿ. ಒಮ್ಮೆ ಕತ್ತಿನವರೆಗೆ ತುಂಬಿಸಿ ಇನ್ನೊಮ್ಮೆ ಬಿಟ್ಟರೆ ಲೆಕ್ಕ ಕೆಡುತ್ತದೆ. ಅಷ್ಟೇ ಅಲ್ಲ, ಪೆಟ್ರೋಲ್ ಆವಿ ಹಿಡಿಯುವ ಕ್ಯಾನಿಸ್ಟರ್‌ಗೆ ಪೆಟ್ರೋಲೇ ನುಗ್ಗಿ ಅದು ಹಾಳಾಗುತ್ತದೆ. ಆದಷ್ಟು ಒಂದೇ ಬಂಕಿನಲ್ಲಿ ಹಾಕಿಸಿ. ಒಂದು ಟ್ಯಾಂಕಿನ ಅಂಕಿ ನೋಡಿ ಗಾಬರಿಯಾಗಬೇಡಿ. ಮೂರು ಟ್ಯಾಂಕಿನ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಬರುವುದು ನಿಮ್ಮ ಕಾರಿನ ನಿಜವಾದ ಅಂಕಿ. ಇನ್ನು ಮುಂದೆ ಹೋಲಿಸುವುದಿದ್ದರೆ ಅದರ ಜೊತೆಗೇ ಹೋಲಿಸಿ. ಕಂಪನಿಯ ಅಂಕಿ, ಪಕ್ಕದ ಮನೆಯವರ ಅಂಕಿ ಎರಡನ್ನೂ ಬಿಡಿ.

ಬಂಕಿನಲ್ಲಿ ಅಳತೆ ಕಡಿಮೆ ಕೊಡುತ್ತಾರೆ ಅಂತ ಅನುಮಾನ. ಸಾಬೀತು ಮಾಡುವುದು ಹೇಗೆ?
*ಓದುಗರು, ಹೊಳೆನರಸೀಪುರ*

ಪ್ರತಿ ಬಂಕಿನಲ್ಲೂ ಸೀಲ್ ಇರುವ 5 ಲೀಟರಿನ ಅಳತೆ ಪಾತ್ರೆ ಇರಬೇಕು. ಗ್ರಾಹಕರು ಕೇಳಿದರೆ ಅದಕ್ಕೆ ಹಿಡಿದು ತೋರಿಸಬೇಕು. 5 ಲೀಟರಿಗೆ 25 ಮಿಲಿಯಷ್ಟು ಆಚೆ ಈಚೆ ಆದರೆ ನಡೆಯುತ್ತದೆ. ಅದಕ್ಕಿಂತ ಕಡಿಮೆ ಬಂದರೆ ಕಾನೂನು ಮಾಪನ ಇಲಾಖೆಗೆ ದೂರು ಕೊಡಿ. ಕೇಳಲು ಸಂಕೋಚ ಬೇಡ. ದುಡ್ಡು ನಿಮ್ಮದು.

ಬೆಳಗಿನ ಜಾವ ಪೆಟ್ರೋಲ್ ಹಾಕಿಸಿದರೆ ಜಾಸ್ತಿ ಸಿಗುತ್ತಂತೆ. ಪ್ರೀಮಿಯಂ ಪೆಟ್ರೋಲ್ ಹಾಕಿದರೆ ಮೈಲೇಜ್ ಏರುತ್ತಂತೆ. ಟೈರಿಗೆ ನೈಟ್ರೋಜನ್ ಹಾಕಿಸಬೇಕಂತೆ. ನಿಜವಾ?
*ಮೂವರು ಓದುಗರು*

ಮೊದಲನೆಯದು: ಟ್ಯಾಂಕ್ ನೆಲದೊಳಗಿರುತ್ತದೆ, ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಅಲ್ಲಿನ ತಂಪು ಹೆಚ್ಚು ಬದಲಾಗುವುದಿಲ್ಲ. ನಿದ್ದೆ ಕೆಡಿಸಿಕೊಳ್ಳಬೇಡಿ. ಎರಡನೆಯದು: ಸಾಧಾರಣ ಪೆಟ್ರೋಲಿಗೆ ಅಂತಲೇ ಮಾಡಿದ ಸಣ್ಣ ಎಂಜಿನ್‌ಗೆ ಅದರಿಂದ ಕೊಟ್ಟ ದುಡ್ಡಿನಷ್ಟು ಲಾಭವಿಲ್ಲ. ಮೂರನೆಯದು: ಸಾದಾ ಗಾಳಿಯೇ ಸಾಕು, ಆದರೆ 15 ದಿನಕ್ಕೊಮ್ಮೆ ನೋಡಿಸಲೇಬೇಕು. ಟೈರ್ ತಣ್ಣಗಿರುವಾಗ ನೋಡಿಸಿ. 20 ಕಿ.ಮೀ. ಓಡಿಸಿಕೊಂಡು ಹೋದರೆ ಬಿಸಿಗೆ ಒತ್ತಡ ಏರಿ ಸರಿಯಾಗಿಯೇ ಇದೆ ಅಂತ ತೋರಿಸುತ್ತದೆ. ಎಷ್ಟಿರಬೇಕು ಎಂಬುದು ಡ್ರೈವರ್ ಬಾಗಿಲು ತೆರೆದರೆ ಕಂಬದ ಮೇಲಿನ ಸ್ಟಿಕ್ಕರಿನಲ್ಲಿದೆ.

ಒಂಬತ್ತು ವರ್ಷದ ಕಾರು. ಯಾವಾಗಲೂ 19 ಬರುತ್ತಿತ್ತು. ಎರಡು ತಿಂಗಳಿಂದ 15. ಪ್ಲಗ್ ಬದಲಿಸಿದೆ, ಏರ್ ಫಿಲ್ಟರ್ ಬದಲಿಸಿದೆ. ಏನೂ ಪ್ರಯೋಜನವಿಲ್ಲ.
*ನಿವೃತ್ತ ನೌಕರರು, ಚಿಕ್ಕಮಗಳೂರು*

ಯಾವಾಗಲೂ 19 ಬರುತ್ತಿತ್ತು ಅಂತ ನಿಮಗೆ ಗೊತ್ತಿತ್ತು ನೋಡಿ, ಅರ್ಧ ಕೆಲಸ ಅಲ್ಲಿಗೇ ಮುಗಿಯಿತು. ಕಾರು ಏನೋ ಹೇಳುತ್ತಿದೆ.

ಹೋದ ಮಳೆಗಾಲ ಮುಗಿದ ಮೇಲೆ ಇಂಥದ್ದೇ ಒಂದು ಕಾರು ನನ್ನ ಹತ್ತಿರ ಬಂತು. ಅವರೂ ನಿವೃತ್ತರೇ. ಬೇರೆ ಕಡೆ ಪ್ಲಗ್, ಫಿಲ್ಟರ್, ಇಂಜೆಕ್ಟರ್ ಕ್ಲೀನಿಂಗ್ ಎಲ್ಲ ಮಾಡಿಸಿ ಐದು ಸಾವಿರದ ಹತ್ತಿರ ಖರ್ಚು ಮಾಡಿಕೊಂಡಿದ್ದರು. ಬಾನೆಟ್ ತೆಗೆಯುವ ಮೊದಲು ನಾನು ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಮುಟ್ಟಲಿಲ್ಲ, ಒಂದು ಗೇಣು ದೂರದಲ್ಲಿ ಹಿಡಿದೆ. ಮೂರು ಚಕ್ರ ಸಾಧಾರಣ. ಹಿಂದಿನ ಎಡ ಚಕ್ರದಿಂದ ಇಸ್ತ್ರಿ ಪೆಟ್ಟಿಗೆಯ ಹಾಗೆ ಕಾವು ಬರುತ್ತಿತ್ತು. ಬಗ್ಗಿ ಮೂಸಿದರೆ ಸುಟ್ಟ ವಾಸನೆ. ಜಾಕ್ ಕೊಟ್ಟು ಎತ್ತಿದೆ. ಬಲಗಡೆ ಚಕ್ರವನ್ನು ಕೈಯಲ್ಲಿ ತಳ್ಳಿದರೆ ಎರಡು ಸುತ್ತು ತಿರುಗಿ ನಿಂತಿತು. ಎಡಗಡೆಯದ್ದು ಕಾಲು ಸುತ್ತಿಗೇ ಕರ್ ಅಂತ ನಿಂತಿತು.

ಬ್ರೇಕ್ ಡ್ರಮ್ ಬಿಚ್ಚಿದಾಗ ಒಳಗೆಲ್ಲ ಕಪ್ಪು ಪುಡಿ. ಬ್ರೇಕ್ ಲೈನರ್ ಒಂದು ಕಡೆ ಗಾಜಿನ ಹಾಗೆ ಹೊಳೆಯುತ್ತಿತ್ತು. ಹ್ಯಾಂಡ್‌ಬ್ರೇಕ್ ಕೇಬಲ್ ಒಳಗಡೆ ತುಕ್ಕು ಹಿಡಿದು, ಲಿವರ್ ಇಳಿಸಿದರೂ ಪೂರ್ತಿ ಹಿಂದಕ್ಕೆ ಬರುತ್ತಿರಲಿಲ್ಲ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಎಳೆದು ಮೂರು ವಾರ ಕಾರು ನಿಲ್ಲಿಸಿದ್ದರಂತೆ. ಅಲ್ಲಿಂದ ಬ್ರೇಕ್ ಹಿಡಿದುಕೊಂಡೇ ಎರಡು ತಿಂಗಳು ಓಡಿಸಿದ್ದಾರೆ. ಎಂಜಿನ್ ಪಾಪ ಏನು ಮಾಡೀತು! ಕೇಬಲ್ ಹೊಸದು ಹಾಕಿ, ಲೈನರ್ ಬದಲಿಸಿ, ಡ್ರಮ್ ತೊಳೆದು ಕಳಿಸಿದೆ. ಮುಂದಿನ ಟ್ಯಾಂಕಿಗೆ 18.7 ಬಂತು ಅಂತ ಅವರೇ ಫೋನ್ ಮಾಡಿ ಹೇಳಿದರು. ಆ ದಿನ ನನಗೆ ಸಿಕ್ಕಿದ ಸಮಾಧಾನ ದೊಡ್ಡದು.

ನೀವೂ ಹೀಗೇ ಮಾಡಿ. ಹತ್ತು ಹದಿನೈದು ಕಿ.ಮೀ. ಓಡಿಸಿ, ಬ್ರೇಕ್ ಆದಷ್ಟು ಕಡಿಮೆ ಬಳಸಿ, ನಿಲ್ಲಿಸಿ ನಾಲ್ಕೂ ಚಕ್ರಕ್ಕೆ ಅಂಗೈ ಹಿಡಿಯಿರಿ. ಒಂದು ಮಾತ್ರ ಬಿಸಿ ಇದ್ದರೆ ಕಳ್ಳ ಸಿಕ್ಕ. ಬಿಸಿ ಇಲ್ಲದಿದ್ದರೆ ಥರ್ಮೋಸ್ಟ್ಯಾಟ್ ನೋಡಿಸಿ, ಅಂದರೆ ಎಂಜಿನ್ ಕಾಯುವವರೆಗೆ ರೇಡಿಯೇಟರಿಗೆ ನೀರು ಹೋಗದಂತೆ ತಡೆಯುವ ವಾಲ್ವ್. ಅದು ತೆರೆದೇ ಕೂತರೆ ಎಂಜಿನ್ ಬೇಗ ಬಿಸಿಯಾಗುವುದಿಲ್ಲ, ನಿಮ್ಮೂರಿನ ಚಳಿಗೆ ಇನ್ನೂ ತಡ. ತಣ್ಣಗಿರುವಷ್ಟು ಹೊತ್ತೂ ಕಂಪ್ಯೂಟರ್ ಜಾಸ್ತಿ ಪೆಟ್ರೋಲ್ ಸುರಿಯುತ್ತದೆ. ಆಮೇಲೆ ಆಕ್ಸಿಜನ್ ಸೆನ್ಸರ್, ವೀಲ್ ಅಲೈನ್‌ಮೆಂಟ್. ಟೈರ್ ಬದಲಿಸುವಾಗ ದೊಡ್ಡ ಸೈಜ್ ಹಾಕಿಸಿಲ್ಲ ತಾನೇ? ಹಾಕಿಸಿದ್ದರೆ ಓಡೋಮೀಟರೇ ಕಡಿಮೆ ತೋರಿಸುತ್ತದೆ, ಲೆಕ್ಕವೂ ತಪ್ಪುತ್ತದೆ.

ನಮ್ಮ ಮಾವ ಶಿರಾಡಿ ಘಾಟಿ ಇಳಿಯುವಾಗ ನ್ಯೂಟ್ರಲ್ ಮಾಡುತ್ತಾರೆ. ಪೆಟ್ರೋಲ್ ಉಳಿಯುತ್ತೆ ಅನ್ನುತ್ತಾರೆ. ನನಗೆ ಭಯ. ಯಾರು ಸರಿ?
*ಕಾಲೇಜು ವಿದ್ಯಾರ್ಥಿ, ಪುತ್ತೂರು*

ನೀವು ಸರಿ. ಮಾವನಿಗೆ ದಯವಿಟ್ಟು ಈ ಪುಟ ಓದಿ ಹೇಳಿ.

ಕಾರ್ಬುರೇಟರ್ ಇದ್ದ ಕಾಲದಲ್ಲಿ ಈ ಅಭ್ಯಾಸ ಬೆಳೆಯಿತು. ಈಗಿನ ಇಂಜೆಕ್ಷನ್ ಎಂಜಿನ್ ಹಾಗಲ್ಲ. ಗೇರಿನಲ್ಲೇ ಇಟ್ಟು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ, ಇಳಿಜಾರಿನ ಓಟವೇ ಎಂಜಿನ್ ತಿರುಗಿಸುತ್ತದೆ. ಅದನ್ನು ಕಂಡು ಕಂಪ್ಯೂಟರ್ ಪೆಟ್ರೋಲನ್ನು ಪೂರ್ತಿ ನಿಲ್ಲಿಸುತ್ತದೆ. ನ್ಯೂಟ್ರಲ್ ಮಾಡಿದರೆ ಎಂಜಿನ್ ಆರಿಹೋಗದಂತೆ ಪೆಟ್ರೋಲ್ ಕೊಡುತ್ತಲೇ ಇರಬೇಕು. ಅಂದರೆ ಆ ಇಳಿಜಾರಿನಲ್ಲಿ ಉಳಿಸುವುದು ಗೇರು, ಕುಡಿಯುವುದು ನ್ಯೂಟ್ರಲ್. ಪೆಟ್ರೋಲಿನ ಮಾತು ಹಾಗಿರಲಿ. ಎಂಜಿನ್ ಹಿಡಿತ ತಪ್ಪಿದರೆ ಕಾರಿನ ಭಾರವೆಲ್ಲ ಬ್ರೇಕ್ ಮೇಲೆ ಬೀಳುತ್ತದೆ. ಬ್ರೇಕ್ ಕಾದು ಕಾದು ಹಿಡಿಯುವುದೇ ಇಲ್ಲ. ಎದುರಿಗೆ ಟ್ಯಾಂಕರ್ ಬರುವ ತಿರುವಿನಲ್ಲಿ ಹಾಗಾದರೆ ಏನು ಗತಿ? ಎರಡನೇ ಅಥವಾ ಮೂರನೇ ಗೇರಿನಲ್ಲಿ ಇಳಿಯಲಿ.

ಘಾಟಿಯ ಮಾತು ಬಂದಿದ್ದಕ್ಕೆ ಇನ್ನೊಂದು ವಿಷಯ. ಹಾಸನ ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ. ಮಂಗಳೂರು ಕಡಲ ದಂಡೆಯಲ್ಲಿದೆ. ಹತ್ತಿರ ಹತ್ತಿರ 170 ಕಿ.ಮೀ. ನನ್ನ ಕಾರು ಹೋಗುವಾಗ 23.5 ಕೊಟ್ಟಿತು, ಬರುವಾಗ 18.5. ಒಂದು ಟನ್ ತೂಕವನ್ನು ಅಷ್ಟೆತ್ತರಕ್ಕೆ ಹತ್ತಿಸಲಿಕ್ಕೇ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಪೆಟ್ರೋಲ್ ಬೇಕು. ಹೋಗುವಾಗಿನ ಅಂಕಿ ಮಾತ್ರ ಹೇಳುವವರು ಬಹಳ. ಎರಡೂ ಸೇರಿಸಿ ಕೇಳಿ.

ನನ್ನದು 2016ರ ಕಾರು. ಈಗ ಎಲ್ಲ ಬಂಕಿನಲ್ಲೂ ಇ20 ಪೆಟ್ರೋಲ್. ಮೈಲೇಜ್ ಇಳಿದಿದೆ ಅನ್ನಿಸುತ್ತಿದೆ. ನನ್ನ ಭ್ರಮೆಯಾ? ನಾವು ಮೆಕ್ಕೆಜೋಳ ಬೆಳೆಯುವವರು, ಎಥನಾಲ್ ಬೇಡ ಅನ್ನಲೂ ಮನಸ್ಸಿಲ್ಲ.
*ರೈತರು, ದಾವಣಗೆರೆ ಜಿಲ್ಲೆ*

ಭ್ರಮೆಯಲ್ಲ. ಒಂದು ಲೀಟರ್ ಎಥನಾಲ್ ಸುಟ್ಟರೆ ಬರುವ ಶಕ್ತಿ, ಒಂದು ಲೀಟರ್ ಪೆಟ್ರೋಲಿನದಕ್ಕಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ಇ20ಯಲ್ಲಿ ನೂರಕ್ಕೆ 20 ಪಾಲು ಎಥನಾಲ್. ಲೆಕ್ಕ ಹಾಕಿದರೆ ಶೇ. 6ರಿಂದ 7 ಕಡಿಮೆಯಾಗುತ್ತದೆ. ನೀತಿ ಆಯೋಗದ 2021ರ ವರದಿಯಲ್ಲೂ ಹಳೆಯ ಕಾರುಗಳಿಗೆ ಇದೇ ಅಂದಾಜು ಹೇಳಿದ್ದರು. ಇ20ಗೆ ಹೊಂದುವಂತೆ ಮಾಡಿದ ಕಾರುಗಳಲ್ಲಿ ಶೇ. 1ರಿಂದ 2 ಅಂದಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಮೊದಲು ಸರಾಸರಿ 20 ಇದ್ದದ್ದು ಈಗ 19ರ ಹತ್ತಿರ ನಿಂತಿದೆ. ನಿಮಗೆ 18 ಬರುತ್ತಿದ್ದರೆ 17ಕ್ಕೆ ಇಳಿಯಬಹುದು. 14ಕ್ಕೆ ಇಳಿದಿದ್ದರೆ ಅದು ಇ20 ಅಲ್ಲ, ಬೇರೆ ಏನೋ ಇದೆ. ಮೇಲೆ ಚಿಕ್ಕಮಗಳೂರಿನವರಿಗೆ ಕೊಟ್ಟ ಉತ್ತರ ನೋಡಿ.

ಮೆಕ್ಕೆಜೋಳದ ಮಾತು ಬರೆದಿದ್ದೀರಿ. ನನ್ನ ಅಣ್ಣನೂ ಬೆಳೆಯುತ್ತಾನೆ, ನಿಮ್ಮ ಸಂಕಟ ಗೊತ್ತು. ಬೆಳೆದವರಿಗೆ ಬೆಲೆ ಸಿಗಲಿ. ಹಾಗೆಯೇ ಕಡಿಮೆ ಓಡಿಸುವ ಪೆಟ್ರೋಲಿಗೆ ಬೆಲೆಯೂ ಕಡಿಮೆ ಇರಬೇಕು ಎಂಬುದು ನನ್ನ ಅಭಿಪ್ರಾಯ. ಎರಡನ್ನೂ ಒಟ್ಟಿಗೇ ಹೇಳಬಹುದು.

ಕಾರಿಗೆ ಸಂಬಂಧಿಸಿದಂತೆ: ಸರ್ವೀಸಿಗೆ ಕೊಟ್ಟಾಗ ಪೆಟ್ರೋಲ್ ಪೈಪುಗಳ ರಬ್ಬರ್ ಬಿರುಕು ಬಿಟ್ಟಿದೆಯಾ, ಮೆತ್ತಗಾಗಿದೆಯಾ ನೋಡಿಸಿ. ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕಾಲು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ. ಅಂಗಡಿಯಲ್ಲಿ ಮಾರುವ ಸಣ್ಣ ಬಾಟಲಿಯ ಔಷಧಿಗೆ ದುಡ್ಡು ಹಾಕಬೇಡಿ. ಹೋದ ಶಕ್ತಿ ಅದರಿಂದ ವಾಪಸ್ ಬರುವುದಿಲ್ಲ.

ದಿನಕ್ಕೆ 40 ಕಿ.ಮೀ. ಓಡಿಸುತ್ತೇನೆ. ಸಿಎನ್‌ಜಿ ಕಾರು 34 ಕೊಡುತ್ತಂತೆ, ಪೆಟ್ರೋಲ್ 24. ಸಿಎನ್‌ಜಿ ತಗೊಳ್ಳಲಾ?
*ಓದುಗರು, ಮೈಸೂರು*

34 ಅಂದರೆ ಕೆಜಿಗೆ, 24 ಅಂದರೆ ಲೀಟರಿಗೆ. ಅವೆರಡನ್ನು ಪಕ್ಕಪಕ್ಕ ಇಡಬೇಡಿ. ನಿಮ್ಮೂರಿನ ಒಂದು ಕೆಜಿ ಬೆಲೆಯನ್ನು 26ರಿಂದ ಭಾಗಿಸಿ, ಒಂದು ಲೀಟರ್ ಬೆಲೆಯನ್ನು 18ರಿಂದ ಭಾಗಿಸಿ. ರಸ್ತೆಯಲ್ಲಿ ಅಷ್ಟೇ ಬರುತ್ತದೆ ಅಂತ ಇಟ್ಟುಕೊಳ್ಳಿ. ಕಿಲೋಮೀಟರಿಗೆ ಎಷ್ಟು ರೂಪಾಯಿ ಉಳಿಯಿತೋ ಅದರಿಂದ, ಕಾರಿಗೆ ಕೊಡುವ ಹೆಚ್ಚಿನ ದುಡ್ಡನ್ನು ಭಾಗಿಸಿ. ಅಷ್ಟು ಕಿ.ಮೀ. ಓಡಿದ ಮೇಲೆ ಲಾಭ ಶುರು. ದಿನಕ್ಕೆ 40 ಅಂದರೆ ನಿಮಗೆ ಹೊಂದುತ್ತದೆ ಅಂತ ನನಗನಿಸುತ್ತದೆ. ಆದರೆ ಬಂಕ್ ನಿಮ್ಮ ದಾರಿಯಲ್ಲೇ ಇರಬೇಕು, ಡಿಕ್ಕಿಯ ಜಾಗ ಹೋಗುತ್ತದೆ, ಮೂರು ವರ್ಷಕ್ಕೊಮ್ಮೆ ಸಿಲಿಂಡರ್ ಪರೀಕ್ಷೆ ಮಾಡಿಸಲೇಬೇಕು.

ಹೋದ ವರ್ಷ ಕಾರು ಕಲಿತೆ. ದಿನಾ ಮಗನನ್ನು ಸ್ಕೂಲಿಗೆ ಬಿಡುತ್ತೇನೆ, ಎರಡೂವರೆ ಕಿ.ಮೀ. ನಾನು ಓಡಿಸಿದರೆ 12 ಬರುತ್ತದೆ, ಯಜಮಾನರು ಭಾನುವಾರ ಊರಿಗೆ ಹೋದರೆ 20. 'ನಿನಗೆ ಓಡಿಸಲು ಬರಲ್ಲ' ಅನ್ನುತ್ತಾರೆ. ಬೇಜಾರಾಗುತ್ತದೆ. ನಾನೇನು ತಪ್ಪು ಮಾಡುತ್ತಿದ್ದೇನೆ?
*ಗೃಹಿಣಿ, ತುಮಕೂರು*

ತಾಯಿ, ನಿಮ್ಮ ತಪ್ಪು ಏನೂ ಇಲ್ಲ. ಈ ಪತ್ರ ಓದಿ ನನಗೂ ಬೇಜಾರಾಯಿತು.

ತಣ್ಣಗಿರುವ ಎಂಜಿನ್ ಒಳಗೆ ಪೆಟ್ರೋಲ್ ಸರಿಯಾಗಿ ಆವಿಯಾಗುವುದಿಲ್ಲ. ಅದಕ್ಕೇ ಕಂಪ್ಯೂಟರ್ ಜಾಸ್ತಿ ಸುರಿಯುತ್ತದೆ. ಎಂಜಿನ್ ಆಯಿಲ್ ಗಟ್ಟಿ ಇರುತ್ತದೆ, ಗೇರ್‌ಬಾಕ್ಸ್ ಆಯಿಲೂ ಅಷ್ಟೇ. ಎಂಜಿನ್ ಪೂರ್ತಿ ಕಾಯಲು ಐದಾರು ಕಿ.ಮೀ. ಬೇಕು. ನೀವು ಎರಡೂವರೆಗೇ ಸ್ಕೂಲ್ ಗೇಟಿನ ಮುಂದೆ ನಿಲ್ಲಿಸುತ್ತೀರಿ. ಕಾರು ಕಾಯುವ ಮೊದಲೇ ನಿಮ್ಮ ಓಟ ಮುಗಿದಿರುತ್ತದೆ. ಮಧ್ಯಾಹ್ನ ಮತ್ತೆ ತಣ್ಣಗಿನಿಂದ ಶುರು. ಯಜಮಾನರು ಹೈವೇಯಲ್ಲಿ 80ರಲ್ಲಿ ಒಂದೇ ಸಮನೆ ಹೋಗುತ್ತಾರೆ. ಕಷ್ಟದ ಓಟವೆಲ್ಲ ನಿಮ್ಮ ಪಾಲಿಗೆ, ಸುಲಭದ್ದು ಅವರ ಪಾಲಿಗೆ. ನನ್ನನ್ನು ಆ ಸ್ಕೂಲ್ ದಾರಿಗೆ ಹಾಕಿದರೂ 12, 13ರ ಮೇಲೆ ಬರುವುದಿಲ್ಲ.

ಒಂದೆರಡು ಉಪಾಯ ಇವೆ. ಬೆಳಿಗ್ಗೆ ಸ್ಟಾರ್ಟ್ ಮಾಡಿ ಐದು ನಿಮಿಷ ನಿಲ್ಲಿಸಿಕೊಳ್ಳಬೇಡಿ. ಅರ್ಧ ನಿಮಿಷ ಸಾಕು, ಆಮೇಲೆ ನಿಧಾನಕ್ಕೆ ಓಡಿಸುತ್ತಲೇ ಬಿಸಿ ಮಾಡಿ. ತರಕಾರಿ, ಬ್ಯಾಂಕಿನ ಕೆಲಸ ಇದ್ದರೆ ಮಗನನ್ನು ಬಿಟ್ಟ ಕೂಡಲೇ ಅದೇ ಬಿಸಿಯಲ್ಲಿ ಮುಗಿಸಿಕೊಂಡು ಬನ್ನಿ.

ಮತ್ತೆ ಇದೊಂದು ಮಾಡಿ. ಮುಂದಿನ ತಿಂಗಳು ಟ್ಯಾಂಕ್ ಫುಲ್ ಮಾಡಿಸಿ, ಎರಡು ವಾರ ಸ್ಕೂಲ್ ದಾರಿಗೆ ಯಜಮಾನರೇ ಓಡಿಸಲಿ. ಮತ್ತೆ ಫುಲ್ ಮಾಡಿಸಿ ಅಂಕಿ ಬರೆದಿಡಿ. ಆಮೇಲೆ ಒಂದು ಭಾನುವಾರ ಊರಿನ ದಾರಿಗೆ ಸ್ಟೀರಿಂಗ್ ನೀವು ಹಿಡಿಯಿರಿ. ಎರಡೂ ಅಂಕಿಗಳನ್ನು ನನಗೆ ಬರೆದು ಕಳಿಸಿ. ಒಪ್ಪಿಗೆ ಕೊಟ್ಟರೆ ಇದೇ ಪುಟದಲ್ಲಿ ಹಾಕುತ್ತೇನೆ.